ಹಸ್ತಕ್ರೀಡಾಯಂತ್ರ ಮೌಲ್ಯಮೀಮಾಂಸೆ

ಶಾಸ್ತ್ರ ಬರೆಯಹೊರಟವನು ಮೊದಲು ನಾಲ್ಕು ಮಾತಿಗೆ ಉತ್ತರ ಹೇಳಿ ಮುಂದೆ ಹೋಗಬೇಕೆಂಬುದು ಹಿರಿಯರ ಕಟ್ಟಳೆ: ವಿಷಯ ಯಾವುದು, ಪ್ರಯೋಜನವೇನು, ಇವೆರಡರ ಸಂಬಂಧ ಎಂಥದು, ಓದುವ ಅಧಿಕಾರ ಯಾರಿಗೆ. ಕಟ್ಟಳೆ ಮೀರಿದವರ ಗ್ರಂಥವನ್ನು ಯಾರೂ ಓದುವುದಿಲ್ಲ. ಪಾಲಿಸಿದವರದನ್ನೂ ಓದುವುದಿಲ್ಲ, ಆದರೆ ಕಪಾಟಿನಲ್ಲಿ ಇಟ್ಟುಕೊಳ್ಳುತ್ತಾರೆ.

ವಿಷಯ: ಎರಡು ಕೈಯಲ್ಲಿ ಹಿಡಿದು, ಎರಡು ಹೆಬ್ಬೆರಳಲ್ಲಿ ಒತ್ತಿ, ಯಾರು ಕರೆದರೂ 'ಹೂಂ' ಎನ್ನುತ್ತ ಆಡುವ ಗೇಮಿಂಗ್ ಯಂತ್ರಕ್ಕೆ ಅಂಗಡಿಯವರು ಹೇಳುವ ಬೆಲೆ ಸಲ್ಲುತ್ತದೋ ಇಲ್ಲವೋ. ಪ್ರಯೋಜನ: ನಲವತ್ತು ಸಾವಿರ ರೂಪಾಯಿ ಉಳಿಯುವುದು, ಈಗಾಗಲೇ ಹೋಗಿದ್ದರೆ ಮನೆಯಲ್ಲಿ ಹೇಳಲು ಒಂದು ಸಮಜಾಯಿಷಿ ಸಿಗುವುದು. ಸಂಬಂಧ: ಕೆಡುವಂಥದು.

ಅಧಿಕಾರಿಯ ವಿಚಾರ ಸ್ವಲ್ಪ ಸೂಕ್ಷ್ಮ. ವಿವೇಕ ವೈರಾಗ್ಯಗಳಿದ್ದವನು ಯಂತ್ರವನ್ನೇ ಕೊಳ್ಳುವುದಿಲ್ಲ, ಅವನಿಗೆ ಈ ಗ್ರಂಥ ಬೇಡ. ಹನ್ನೆರಡು ವರ್ಷದ ಬಾಲಕನಿಗೂ ಬೇಡ, ದುಡ್ಡು ಅವನದಲ್ಲ. ಉಳಿದವನು ಒಬ್ಬನೇ. ತೊಂಬತ್ತರ ದಶಕದಲ್ಲಿ ಯಾವುದೋ ಜಾತ್ರೆಯಲ್ಲಿ ಹಟಮಾಡಿ ಇಟ್ಟಿಗೆ ಜೋಡಿಸುವ ವಿಡಿಯೋ ಗೇಮ್ ಕೊಡಿಸಿಕೊಂಡವನು. ಅದರ ಮೈಮೇಲೆ '9999 ಆಟಗಳು' ಎಂದು ಬರೆದಿದ್ದು, ಒಳಗೆ ಕೆಲವೇ ಆಟಗಳು ಬೇರೆ ಬೇರೆ ವೇಗದಲ್ಲಿ ಮರಳಿ ಮರಳಿ ಬರುವುದನ್ನು ಕಂಡೂ ನಂಬಿಕೆ ಕಳೆದುಕೊಳ್ಳದವನು. ಈಗ ತಿಂಗಳ ಸಂಬಳ ಎಣಿಸುವ ಗೃಹಸ್ಥ. ಅವನನ್ನು ಇನ್ನು ಮುಂದೆ ದೇವದತ್ತ ಎಂದು ಕರೆಯೋಣ. ತರ್ಕಶಾಸ್ತ್ರದಲ್ಲಿ ಎಲ್ಲ ಕಷ್ಟಗಳೂ ಬರುವುದು ಆ ಹೆಸರಿನವನಿಗೇ.

ಪೂರ್ವಪಕ್ಷ

ಮೊದಲನೆಯ ಪೂರ್ವಪಕ್ಷ ಅಮ್ಮಂದಿರದು. ಅವರ ದರ್ಶನ ಒಂದೇ ಸೂತ್ರದಲ್ಲಿ ಮುಗಿಯುತ್ತದೆ: "ಅದರಿಂದ ಹೊಟ್ಟೆ ತುಂಬತ್ತೇನೋ?" ಇದಕ್ಕೆ ಇದುವರೆಗೆ ಯಾವ ವಾದಿಯೂ ಉತ್ತರ ಕೊಟ್ಟಿಲ್ಲ. 'ಧಾರಾವಾಹಿ ನೋಡಿದರೆ ತುಂಬುತ್ತದೆಯೇ' ಎಂಬ ಮರುಪ್ರಶ್ನೆ ವಿತಂಡವಾದವೆನಿಸುವುದರಿಂದಲೂ, ಹಾಗೆ ಕೇಳಿದವನಿಗೆ ಅಂದು ರಾತ್ರಿ ಊಟ ಸಿಕ್ಕಿತೆಂಬುದಕ್ಕೆ ಆಧಾರವಿಲ್ಲದಿರುವುದರಿಂದಲೂ ಗ್ರಂಥಕಾರ ಆ ದಾರಿ ಹಿಡಿಯುವುದಿಲ್ಲ.

ಎರಡನೆಯದು ಪಂಡಿತರ ಪೂರ್ವಪಕ್ಷ, ಇದರಲ್ಲಿ ಮೂರು ಮತಗಳು. ಶೃಂಗೇರಿ, ಮೇಲುಕೋಟೆ, ಉಡುಪಿ ಮೂರೂ ಕಡೆಯವರ ಕ್ಷಮೆ ಕೇಳಿಕೊಂಡೇ ಮುಂದಿನದನ್ನು ಹೇಳಬೇಕು.

ಫೋನಿನ ಅದ್ವೈತಿಗಳ ಪ್ರಕಾರ ಇರುವುದು ಒಂದೇ, ಅದು ಮೊಬೈಲ್. ಕ್ಯಾಮೆರಾ, ಗಡಿಯಾರ, ಟಾರ್ಚು, ರೇಡಿಯೋ ಎಲ್ಲ ಅದರಲ್ಲಿ ಲಯವಾಗಿರುವಾಗ ಗೇಮಿಂಗ್ ಯಂತ್ರ ಮಾತ್ರ ಬೇರೆಯಾಗಿ ತೋರುವುದು ಅವಿದ್ಯೆಯಿಂದ. ಮೇಲಾಗಿ ಫೋನಿನ ಆಟಗಳು ಪುಕ್ಕಟೆ. ಖಂಡನೆ ಸುಲಭ. ಪುಕ್ಕಟೆ ಆಟ ಐದನೆಯ ಹಂತದಲ್ಲಿ ರತ್ನ ಕೇಳುತ್ತದೆ, ರತ್ನಕ್ಕೆ ಯುಪಿಐ ಕೇಳುತ್ತದೆ. ಆಡುವ ಹೆಬ್ಬೆರಳು ಆಡಬೇಕಾದ ಪರದೆಯನ್ನೇ ಮುಚ್ಚುತ್ತದೆ. ಇನ್ನೇನು ಕೋಟೆ ಬೀಳಬೇಕು ಎನ್ನುವಾಗ ವೈಯಕ್ತಿಕ ಸಾಲ ಬೇಕೇ ಎಂದು ಒಬ್ಬರು ಕರೆಮಾಡುತ್ತಾರೆ. ಬ್ರಹ್ಮಕ್ಕೆ ಇಂಥ ಉಪದ್ರವಗಳಿಲ್ಲ.

ದ್ವೈತಿಗಳ ಮತದಲ್ಲಿ ಫೋನು ಬೇರೆ, ಯಂತ್ರ ಬೇರೆ, ಇವು ಎಂದೆಂದಿಗೂ ಒಂದಾಗವು. ಅವರು ಐದು ಭೇದಗಳನ್ನು ಹೇಳುತ್ತಾರೆ: ಯಂತ್ರಕ್ಕೂ ಫೋನಿಗೂ ಭೇದ, ಯಂತ್ರಕ್ಕೂ ಟಿವಿಗೂ ಭೇದ, ಒಂದು ಕಂಪನಿಯ ಯಂತ್ರಕ್ಕೂ ಇನ್ನೊಂದರದಕ್ಕೂ ಭೇದ, ಆಟಕ್ಕೂ ಆಟಕ್ಕೂ ಭೇದ, ಚಾರ್ಜರಿಗೂ ಚಾರ್ಜರಿಗೂ ಭೇದ. ಕೊನೆಯದನ್ನು ಮನೆಯ ಡ್ರಾಯರ್ ತೆರೆದವರೆಲ್ಲ ಪ್ರತ್ಯಕ್ಷವಾಗಿ ಕಂಡಿದ್ದಾರೆ.

ಮೂರನೆಯ ಮತ 2017ರ ಮಾರ್ಚ್ 3ರಂದು 299.99 ಡಾಲರಿಗೆ ಅವತರಿಸಿತು. ನಿಂಟೆಂಡೋ ಸ್ವಿಚ್ ಎಂಬ ಈ ಯಂತ್ರ ಕೈಯಲ್ಲಿದ್ದರೆ ಕೈಯಾಟ. ಪೀಠದಲ್ಲಿ ಕೂರಿಸಿದರೆ ಟಿವಿಯ ಆಟ. ಎರಡೂ ಒಂದೇ, ಆದರೆ ವಿಶೇಷಣಸಹಿತವಾಗಿ ಒಂದು. ಈ ವಿಶಿಷ್ಟಾದ್ವೈತಕ್ಕೆ ಲೋಕದಲ್ಲಿ ಎಷ್ಟು ಮನ್ನಣೆ ಸಿಕ್ಕಿತೆಂದರೆ 15 ಕೋಟಿಗೂ ಹೆಚ್ಚು ಯಂತ್ರಗಳು ಮಾರಾಟವಾದವು. ಭಾರತದಲ್ಲಿ ಮಾತ್ರ ಕಂಪನಿ ಅದನ್ನು ಅಧಿಕೃತವಾಗಿ ಮಾರಲಿಲ್ಲ. ಇಲ್ಲಿಯ ಭಕ್ತರಿಗೆ ಎರಡೇ ಮಾರ್ಗ: ಹೊರಗಿನಿಂದ ತರಿಸಿ ಮಾರುವ ಅಂಗಡಿ, ಅಥವಾ ಡಿಸೆಂಬರಿನಲ್ಲಿ ಅಮೆರಿಕದಿಂದ ಬರುವ ಚಿಕ್ಕಪ್ಪನ ಮಗನ ಸೂಟ್‌ಕೇಸು. ಎರಡನೆಯ ಮಾರ್ಗದಲ್ಲಿ ಬೆಲೆ ಕಡಿಮೆ, ಋಣ ಹೆಚ್ಚು.

ಗುರುಪರಂಪರೆ

ಸಿದ್ಧಾಂತಕ್ಕೆ ಹೋಗುವ ಮುನ್ನ ಆಚಾರ್ಯರನ್ನು ನೆನೆಯಬೇಕು. ನಿಂಟೆಂಡೋ 1889ರಲ್ಲಿ ಕ್ಯೋಟೋ ನಗರದಲ್ಲಿ ಹನಾಫುಡ ಎಂಬ ಇಸ್ಪೀಟು ಎಲೆಗಳನ್ನು ಮಾಡಲು ಹುಟ್ಟಿದ ಕಂಪನಿ. ಎಲೆ ತಯಾರಿಸುವ ಯಂತ್ರಗಳ ದೇಖರೇಖಿಗೆ 1965ರಲ್ಲಿ ಗುನ್‌ಪೇ ಯೊಕೊಯ್ ಎಂಬ ತರುಣ ಎಂಜಿನಿಯರು ಸೇರಿದರು. ಯಂತ್ರಗಳು ಕೆಡುತ್ತಿದ್ದುದು ಕಡಿಮೆ. ಕೆಲಸವಿಲ್ಲದ ಹೊತ್ತಿನಲ್ಲಿ ಯೊಕೊಯ್ ದೂರದ ವಸ್ತುವನ್ನು ಹಿಡಿಯುವ, ಚಾಚಿ ಮುದುಡುವ ಒಂದು ಕೈ ಮಾಡಿಕೊಂಡು ಆಡುತ್ತಿದ್ದರು. ಅಧ್ಯಕ್ಷ ಹಿರೋಶಿ ಯಮೌಚಿ ಅದನ್ನು ನೋಡಿದರು. ಬೇರೆ ಕಚೇರಿಯಲ್ಲಾಗಿದ್ದರೆ ಇಲ್ಲಿಗೆ ಪರಂಪರೆ ಮುಗಿದು ಮೆಮೋ ಶುರುವಾಗುತ್ತಿತ್ತು. ಯಮೌಚಿ ಅದನ್ನೇ ಮಾಲಾಗಿ ಮಾಡಲು ಹೇಳಿದರು. 1966ರಲ್ಲಿ ಅದು 'ಅಲ್ಟ್ರಾ ಹ್ಯಾಂಡ್' ಎಂಬ ಹೆಸರಿನಲ್ಲಿ ಹತ್ತು ಲಕ್ಷಕ್ಕೂ ಮೀರಿ ಮಾರಾಟವಾಯಿತು. ಕಚೇರಿ ವೇಳೆಯಲ್ಲಿ ಆಡುವುದಕ್ಕೆ ಶಾಸ್ತ್ರದ ಆಧಾರ ಬೇಕಾದವರು ಈ ಪ್ರಸಂಗವನ್ನು ಬಳಸಿಕೊಳ್ಳಬಹುದು, ಫಲಕ್ಕೆ ಗ್ರಂಥಕಾರ ಹೊಣೆಯಲ್ಲ.

ಮುಂದೆ ರೈಲಿನಲ್ಲಿ ಬೇಸರದಿಂದ ಕ್ಯಾಲ್ಕುಲೇಟರಿನ ಗುಂಡಿ ಒತ್ತುತ್ತ ಕೂತಿದ್ದ ಒಬ್ಬ ನೌಕರನನ್ನು ಕಂಡು ಯೊಕೊಯ್‌ಗೆ ಕೈಯಾಟದ ಯಂತ್ರ ಹೊಳೆಯಿತೆಂಬುದು ಪ್ರಸಿದ್ಧ ಐತಿಹ್ಯ. ಕ್ಯಾಲ್ಕುಲೇಟರು ಕಂಪನಿಗಳ ಪೈಪೋಟಿಯಲ್ಲಿ ಎಲ್‌ಸಿಡಿ ಪರದೆ, ಪುಟ್ಟ ಚಿಪ್ಪುಗಳು ಆಗ ಅಗ್ಗವಾಗಿದ್ದವು. ಹಾಗೆ 1980ರಲ್ಲಿ ಬಂದದ್ದು 'ಗೇಮ್ ಆ್ಯಂಡ್ ವಾಚ್'. ಒಂದು ಆಟ, ಜೊತೆಗೊಂದು ಗಡಿಯಾರ. ಗಡಿಯಾರ ಇಟ್ಟದ್ದು ದೊಡ್ಡ ಉಪಕಾರ, ಎಷ್ಟು ಹೊತ್ತು ಹಾಳಾಯಿತೆಂದು ಅದೇ ಯಂತ್ರದಲ್ಲಿ ತಿಳಿಯುತ್ತಿತ್ತು. ಈಗಿನವು ಆ ಪ್ರಾಮಾಣಿಕತೆಯನ್ನು ಪರದೆಯ ಮೂಲೆಗೆ ತಳ್ಳಿವೆ.

ಯೊಕೊಯ್ ಬೋಧಿಸಿದ ತತ್ತ್ವ ಇದು: ಹೊಚ್ಚ ಹೊಸ ತಂತ್ರಜ್ಞಾನದ ಹಿಂದೆ ಓಡಬೇಡ, ಹಳತಾಗಿ, ಪಳಗಿ, ಅಗ್ಗವಾದದ್ದನ್ನು ತೆಗೆದುಕೊಂಡು ಬೇರೆಯೇ ಉಪಯೋಗ ಯೋಚಿಸು. ಇದಕ್ಕೆ ಭಾಷ್ಯವಾಗಿ ಬಂದದ್ದು 1989ರ ಗೇಮ್ ಬಾಯ್. ಪರದೆಯಲ್ಲಿ ಬಣ್ಣವಿಲ್ಲ, ಪಾಚಿಹಸಿರಿನ ನಾಲ್ಕು ಛಾಯೆ ಮಾತ್ರ. ಹಿಂಬದಿ ಬೆಳಕಿಲ್ಲ, ಕಿಟಕಿ ಪಕ್ಕ ಕೂರಬೇಕು. ಅಮೆರಿಕದಲ್ಲಿ ಬೆಲೆ 90 ಡಾಲರಿನ ಆಸುಪಾಸು. ಜೊತೆಗೆ ಮಾಸ್ಕೋದ ಅಲೆಕ್ಸಿ ಪಾಜಿತ್ನೊವ್ 1984ರಲ್ಲಿ ಮಾಡಿದ ಟೆಟ್ರಿಸ್ ಸೇರಿಯೇ ಬರುತ್ತಿತ್ತು. ಜಾತ್ರೆಯ ಇಟ್ಟಿಗೆ ಆಟದ ಮೂಲಪುರುಷ ಅದೇ. ಪ್ರತಿವಾದಿಗಳು ಸುಮ್ಮನಿರಲಿಲ್ಲ. ಅದೇ ವರ್ಷ ಅಟಾರಿಯವರು 180 ಡಾಲರಿಗೆ ಬಣ್ಣದ ಲಿಂಕ್ಸ್ ತಂದರು. ಸೆಗಾದವರು ಬಣ್ಣದ ಗೇಮ್ ಗಿಯರ್ ತಂದರು, ಅಮೆರಿಕದಲ್ಲಿ 150 ಡಾಲರ್.

ಇಲ್ಲಿ ಸ್ವಲ್ಪ ಲೆಕ್ಕ ಮಾಡಬೇಕು. ಮೀಮಾಂಸಕನಿಗೆ ಲೆಕ್ಕ ಬಾರದೆಂಬುದು ಅಪವಾದ. ಗೇಮ್ ಬಾಯ್‌ಗೆ ನಾಲ್ಕು ಪೆನ್ಸಿಲ್ ಸೆಲ್, ಹದಿನೈದು ಗಂಟೆಗೆ ಮೋಸವಿಲ್ಲ. ಗೇಮ್ ಗಿಯರ್‌ಗೆ ಆರು ಸೆಲ್, ಬಾಳಿಕೆ ಮೂರರಿಂದ ಐದು ಗಂಟೆ; ಉದಾರವಾಗಿ ನಾಲ್ಕೆನ್ನೋಣ. ಒಂದು ಬೇಸಿಗೆ ರಜೆಯಲ್ಲಿ ಹುಡುಗ ಅರವತ್ತು ಗಂಟೆ ಆಡಿದನೆಂದರೆ ಮೊದಲನೆಯದಕ್ಕೆ 16 ಸೆಲ್, ಎರಡನೆಯದಕ್ಕೆ 90. ಬಣ್ಣ ಬೇಕೆಂದವನ ತಂದೆ ಆ ರಜೆಯಲ್ಲಿ 74 ಸೆಲ್ ಹೆಚ್ಚಿಗೆ ಕೊಂಡ. ಬೆಲೆಯ ಚೀಟಿಯಲ್ಲಿ ಇದು ಬರೆದಿರಲಿಲ್ಲ. ಗೇಮ್ ಬಾಯ್, ಅದರ ಬಣ್ಣದ ತಮ್ಮನನ್ನೂ ಸೇರಿಸಿ, 11.8 ಕೋಟಿ ಮಾರಾಟವಾಯಿತು. ಗೇಮ್ ಗಿಯರ್ ಸುಮಾರು ಒಂದು ಕೋಟಿಗೆ ನಿಂತಿತು.

ಇದರಿಂದ ಗ್ರಂಥಕಾರ ಎತ್ತಿಕೊಳ್ಳುವ ಮೊದಲ ಸೂತ್ರ: ಯಂತ್ರದ ಬೆಲೆ ಅಂಗಡಿಯಲ್ಲಿ ಆರಂಭವಾಗುತ್ತದೆ, ಅಲ್ಲಿ ಮುಗಿಯುವುದಿಲ್ಲ. ಸೋನಿಯವರ ಪಿಎಸ್ ವೀಟಾ ಇದಕ್ಕೆ ಇನ್ನೊಂದು ವ್ಯಾಖ್ಯಾನ ಬರೆಯಿತು. ಅಮೆರಿಕದಲ್ಲಿ ಯಂತ್ರಕ್ಕೆ 249.99 ಡಾಲರ್, ಅದಕ್ಕೆ ಮಾತ್ರ ಹೊಂದುವ 32 ಜಿಬಿ ಮೆಮೊರಿ ಕಾರ್ಡಿಗೆ 99.99. ನೆನಪಿಟ್ಟುಕೊಳ್ಳುವುದಕ್ಕೆ ಇಷ್ಟು ಖರ್ಚಾಗುತ್ತದೆಂದು ಗೊತ್ತಿದ್ದರೆ ನಮ್ಮ ಘನಪಾಠಿಗಳು ಶುಲ್ಕ ಹೆಚ್ಚಿಸಿಕೊಳ್ಳುತ್ತಿದ್ದರು.

ಪ್ರಮಾಣಪರೀಕ್ಷೆ

ಪ್ರತ್ಯಕ್ಷ ಪ್ರಮಾಣ ಇಲ್ಲಿ ಪ್ರಯೋಜನಕ್ಕೆ ಬಾರದು. ಅಂಗಡಿಯಲ್ಲಿ ಪ್ರದರ್ಶನಕ್ಕಿಟ್ಟ ಯಂತ್ರಕ್ಕೆ ಸದಾ ಕರೆಂಟು ಇರುತ್ತದೆ, ಎಸಿ ಇರುತ್ತದೆ, ಹಿಂದೆ ನಿಂತು "ಇನ್ನೂ ಎಷ್ಟು ಹೊತ್ತು?" ಎನ್ನುವವರು ಇರುವುದಿಲ್ಲ. ಮನೆಯಲ್ಲಿ ಮೂರೂ ತಿರುವುಮುರುವು.

ಅನುಮಾನ ಪ್ರಮಾಣ ಮೇಲು. ಎಲ್ಲಿ ಹೊಗೆಯೋ ಅಲ್ಲಿ ಬೆಂಕಿ ಎಂಬಂತೆ, ಎಲ್ಲಿ ಅಂಗೈ ಬಿಸಿಯೋ ಅಲ್ಲಿ ಬ್ಯಾಟರಿ ಖಾಲಿ. ಕೈಯಲ್ಲಿ ಹಿಡಿಯುವ ಕಂಪ್ಯೂಟರುಗಳೇ ಆದ ಈಚಿನ ಯಂತ್ರಗಳಲ್ಲಿ ಈ ವ್ಯಾಪ್ತಿ ಎದ್ದು ಕಾಣುತ್ತದೆ. 2022ರಲ್ಲಿ 399 ಡಾಲರಿನಿಂದ ಆರಂಭವಾದ ಸ್ಟೀಮ್ ಡೆಕ್ 669 ಗ್ರಾಂ ತೂಗುತ್ತದೆ. ಅಂಗಾತ ಮಲಗಿ ಆಡುವವನು ತೂಕಡಿಸಿದರೆ ಅದು ಬೀಳುವ ಜಾಗ ಮೂಗು. 2023ರಲ್ಲಿ ಭಾರತಕ್ಕೆ 69,990 ರೂಪಾಯಿಗೆ ಬಂದ ಆರ್‌ಒಜಿ ಆಲೈ ಇನ್ನೂ ಬಲಶಾಲಿ, ಭಾರವಾದ ಆಟ ಹಾಕಿದರೆ ಒಂದೂವರೆ ಗಂಟೆಯ ಆಸುಪಾಸಿನಲ್ಲಿ ಸುಸ್ತಾಗುತ್ತದೆ. ಪ್ರಯಾಣದಲ್ಲಿ ಆಡಲೆಂದು ಕೊಂಡ ಬೆಂಗಳೂರಿಗನಿಗೆ ಬ್ಯಾಟರಿ ಮುಗಿದಿರುತ್ತದೆ, ಸಿಲ್ಕ್ ಬೋರ್ಡ್ ಮುಗಿದಿರುವುದಿಲ್ಲ.

ಶಬ್ದ ಪ್ರಮಾಣವೆಂದರೆ ಆಪ್ತರ ಮಾತು. ಆಪ್ತನಾರು ಎಂಬಲ್ಲಿ ಗೊಂದಲ. ಯಂತ್ರ ಕೊಂಡವನನ್ನು ಕೇಳಿದರೆ ಚೆನ್ನಾಗಿದೆ ಎನ್ನುತ್ತಾನೆ, ದುಡ್ಡು ಕೊಟ್ಟಾಗಿದೆ. ಕೊಳ್ಳದವನನ್ನು ಕೇಳಿದರೆ ದಂಡ ಎನ್ನುತ್ತಾನೆ, ದುಡ್ಡು ಉಳಿದಿದೆ. ಇಬ್ಬರೂ ಮಾತಾಡುತ್ತಿರುವುದು ತಮ್ಮ ಪಾಸ್‌ಬುಕ್ಕಿನ ಬಗ್ಗೆ.

ಈಗ ಅರ್ಥಾಪತ್ತಿ. ಹಗಲು ಉಣ್ಣದ ದೇವದತ್ತ ದಪ್ಪಗಿದ್ದಾನೆಂದರೆ ರಾತ್ರಿ ಉಣ್ಣುತ್ತಾನೆಂದು ಕಲ್ಪಿಸಬೇಕು ಎಂಬುದು ಶಾಸ್ತ್ರದ ಹಳೆಯ ಉದಾಹರಣೆ. ನಮ್ಮ ದೇವದತ್ತ ಹಗಲು ಆಡುವುದಿಲ್ಲ, ಆಫೀಸು. ಸಂಜೆ ಆಡುವುದಿಲ್ಲ, ಮಗಳ ಹೋಂವರ್ಕು. ರಾತ್ರಿ ಯಂತ್ರ ಕೈಗೆತ್ತಿಕೊಳ್ಳುತ್ತಾನೆ. ಅದು ಅಪ್‌ಡೇಟ್ ಕೇಳುತ್ತದೆ. ಅಪ್‌ಡೇಟ್ ಮುಗಿಯುವುದರೊಳಗೆ ನಿದ್ದೆ ಬರುತ್ತದೆ. ಭಾನುವಾರ ನೆಂಟರು. ಆದರೂ ದಸರಾ ಸೇಲಿನಲ್ಲಿ ಎರಡು ಆಟ ಕೊಂಡ, ದೀಪಾವಳಿಗೆ ಮೂರು ಕೊಂಡ, ಹೊಸ ವರ್ಷಕ್ಕೆ ಯಂತ್ರಕ್ಕೊಂದು ಚೀಲ ಕೊಂಡ. ಎಂದೂ ಆಡದವನು ಸದಾ ಕೊಳ್ಳುತ್ತಲೇ ಇರುವುದು ಹೇಗೆ ಹೊಂದುತ್ತದೆ? ಅವನಿಗೆ ಬೇಕಾದದ್ದು ಬಿಡುವು. ಅದು ಅಂಗಡಿಯಲ್ಲಿ ಸಿಗದಿರುವುದರಿಂದ, ಬಿಡುವಿದ್ದವರು ಕೊಳ್ಳುವ ವಸ್ತುವನ್ನು ಕೊಳ್ಳುತ್ತಿದ್ದಾನೆ ಎಂದು ಕಲ್ಪಿಸದೆ ಗತ್ಯಂತರವಿಲ್ಲ. ಈ ಗ್ರಂಥದಲ್ಲಿ ಗ್ರಂಥಕಾರ ನಿಜಕ್ಕೂ ನಂಬಿ ಬರೆದದ್ದು ಇದೊಂದೇ ವಾಕ್ಯ. ಉಳಿದದ್ದು ಶಾಸ್ತ್ರ.

ಅಭಾವದ ವಿಚಾರ ಬಿಡುವಂತಿಲ್ಲ, ಏಕೆಂದರೆ ನೈಯಾಯಿಕರು ಹೇಳಿದ ನಾಲ್ಕೂ ಅಭಾವಗಳನ್ನು ಈ ಉದ್ಯಮ ಬೆಲೆಕಟ್ಟಿ ಮಾರಿದೆ. ಹುಟ್ಟುವ ಮೊದಲಿನ ಇಲ್ಲದಿರುವಿಕೆ ಪ್ರಾಗಭಾವ, ಇದರ ಹೆಸರು ಪ್ರಿ-ಆರ್ಡರ್. ಇದ್ದು ನಾಶವಾದ ಮೇಲಿನದು ಪ್ರಧ್ವಂಸಾಭಾವ: ನಿಂಟೆಂಡೋದ 3ಡಿಎಸ್ ಯಂತ್ರದ ಆನ್‌ಲೈನ್ ಅಂಗಡಿ 2023ರ ಮಾರ್ಚಿನಲ್ಲಿ ಬಾಗಿಲು ಹಾಕಿತು, ಅಲ್ಲಿ ಮಾತ್ರ ಮಾರುತ್ತಿದ್ದ ಆಟಗಳನ್ನು ಹೊಸದಾಗಿ ಕೊಳ್ಳುವ ದಾರಿಯೂ ಅಲ್ಲಿಗೆ ಮುಚ್ಚಿತು. ಒಂದು ಇನ್ನೊಂದಲ್ಲದಿರುವುದು ಅನ್ಯೋನ್ಯಾಭಾವ: ಭಾರತದಲ್ಲಿ 2024ರಲ್ಲಿ 18,990 ರೂಪಾಯಿಗೆ ಬಂದ ಪ್ಲೇಸ್ಟೇಷನ್ ಪೋರ್ಟಲ್ ಎಂಬುದು ಆಗ ಸ್ವತಃ ಯಾವ ಆಟವನ್ನೂ ಆಡಿಸುತ್ತಿರಲಿಲ್ಲ. ಮನೆಯಲ್ಲಿ ಪಿಎಸ್5 ಇರಬೇಕಿತ್ತು, ಅದು ಎಚ್ಚರವಾಗಿರಬೇಕಿತ್ತು, ವೈಫೈ ಚೆನ್ನಾಗಿರಬೇಕಿತ್ತು. ಆಗ ಅಲ್ಲಿ ನಡೆಯುವ ಆಟ ಇಲ್ಲಿ ಕಾಣುತ್ತಿತ್ತು. ನಡುಮನೆಯ ಟಿವಿಯನ್ನು ಮನೆಯವರು ಬಿಟ್ಟುಕೊಡದ ಕಾರಣಕ್ಕೆ ಕೊಡುವ ದಂಡ ಇದೆಂದು ಒಂದು ಮತ.

ಯಾವ ಕಾಲದಲ್ಲೂ ಇಲ್ಲದಿರುವುದು ಅತ್ಯಂತಾಭಾವ. ಸ್ವಿಚ್ 2ಕ್ಕೆ ಬರುವ ಕೆಲವು ಆಟಗಳ ಕಾರ್ಡಿನಲ್ಲಿ ಆಟವೇ ಇಲ್ಲ, ಇಂಟರ್ನೆಟ್ಟಿನಿಂದ ಇಳಿಸಿಕೊಳ್ಳಲು ಒಂದು ಕೀಲಿ ಮಾತ್ರ ಇದೆ. ಡಬ್ಬ ಉಂಟು, ಕಾರ್ಡು ಉಂಟು, ಬೆಲೆ ಉಂಟು, ಆಟ ಅಲ್ಲಿಲ್ಲ. ಶೂನ್ಯವಾದಿಗಳು ನೂರಾರು ವರ್ಷ ವಾದಿಸಿ ಸಾಧಿಸಲಾಗದ್ದನ್ನು ಪ್ಲಾಸ್ಟಿಕ್ಕಿನಲ್ಲಿ ಅಚ್ಚುಹಾಕಿ ತೋರಿಸಿದ್ದಾರೆ.

ಕಾಲನಿರ್ಣಯ

ಕೊಳ್ಳುವುದಾದರೆ ಯಾವಾಗ? 'ಕಾದರೆ ಬೆಲೆ ಇಳಿಯುತ್ತದೆ' ಎಂಬುದು ಶ್ರುತಿ. ಇದಕ್ಕೆ ಆಧಾರ 2011ರ 3ಡಿಎಸ್ ಪ್ರಕರಣ. ಕನ್ನಡಕವಿಲ್ಲದೆ ಮೂರು ಆಯಾಮ ತೋರಿಸುವ ಆ ಯಂತ್ರ ಮಾರ್ಚ್ ಕೊನೆಗೆ ಅಮೆರಿಕದಲ್ಲಿ 249.99 ಡಾಲರಿಗೆ ಬಂತು. ಜನ ಕೊಳ್ಳಲಿಲ್ಲ. ಆಗಸ್ಟ್ ಮಧ್ಯದೊಳಗೆ ಬೆಲೆ 169.99ಕ್ಕೆ ಇಳಿಯಿತು. ಕಂಪನಿಯ ಅಧ್ಯಕ್ಷ ಸತೋರು ಇವಾತಾ ತಮ್ಮ ಸಂಬಳವನ್ನು ಅರ್ಧಕ್ಕೆ ಇಳಿಸಿಕೊಂಡರು. ಸರಕು ಮಾರಾಟವಾಗದಿದ್ದಾಗ ಮೇಲಿನವರ ಸಂಬಳ ಕತ್ತರಿಸುವ ಈ ವಿಲಕ್ಷಣ ಆಚಾರ ಬೇರೆ ದೇಶಗಳಿಗೆ ಹರಡಲಿಲ್ಲ. ಮೊದಲೇ 80 ಡಾಲರ್ ಹೆಚ್ಚು ಕೊಟ್ಟು ಮೋಸಹೋದವರಿಗೆ ಇಪ್ಪತ್ತು ಹಳೆಯ ಆಟಗಳನ್ನು ಪುಕ್ಕಟೆ ಕೊಟ್ಟು, ಅವರನ್ನು 'ರಾಯಭಾರಿಗಳು' ಎಂದು ಕರೆದರು. ಹೆಚ್ಚು ದುಡ್ಡು ಕೊಟ್ಟವನಿಗೆ ಬಿರುದು ಕೊಡುವ ಪದ್ಧತಿ ನಮ್ಮಲ್ಲಿಯೂ ಉಂಟು, ಆದರೆ ಇಲ್ಲಿ ಶಾಲಿನ ಖರ್ಚೂ ಅವನದೇ.

ಆದರೆ ಇದಕ್ಕೆ ವಿರುದ್ಧವಾದ ಶ್ರುತಿಯೂ ಇದೆ. 2017ರ ಸ್ವಿಚ್‌ಗೆ ಅಮೆರಿಕದಲ್ಲಿ 2025ರ ಆಗಸ್ಟಿನಲ್ಲಿ ಬೆಲೆ ಏರಿತು: 299.99 ಇದ್ದದ್ದು 339.99. ಎಂಟು ವರ್ಷ ಕಾದವನು ಮುದಿಎತ್ತಿಗೆ ಹೋರಿಯ ಬೆಲೆಗಿಂತ ಹೆಚ್ಚು ಕೊಟ್ಟ. ಎರಡು ಶ್ರುತಿಗಳು ವಿರೋಧಿಸಿದಾಗ ವಿಕಲ್ಪ ಎಂದು ಮೀಮಾಂಸಕರು ಹೇಳಿದ್ದಾರೆ: ಇಷ್ಟಬಂದದ್ದನ್ನು ಮಾಡು, ಎರಡರಲ್ಲೂ ದೋಷವಿದೆ.

ಕಾಲದ ಹಾಗೆಯೇ ದೇಶವೂ ಬೆಲೆಯನ್ನು ಬದಲಿಸುತ್ತದೆ. 2025ರ ಜೂನ್ 5ರಂದು ಬಂದಾಗ ಸ್ವಿಚ್ 2ಕ್ಕೆ ಅಮೆರಿಕದಲ್ಲಿ 449.99 ಡಾಲರ್, ಎಂದರೆ ನಲವತ್ತು ಸಾವಿರ ರೂಪಾಯಿಯ ಹತ್ತಿರ. ಹಣದುಬ್ಬರ ಲೆಕ್ಕ ಹಾಕಿದರೆ ಆ ಕಾಲದ ಗೇಮ್ ಬಾಯ್ ಇಂದಿನ 230 ಡಾಲರಿಗೆ ಸಮ. ಹೊಸದು ಅದರ ಸುಮಾರು ಎರಡರಷ್ಟು. ಜಪಾನಿನಲ್ಲಿ ಮಾತ್ರ ಆಗ ಎರಡು ಬೆಲೆ. ಜಪಾನಿ ಭಾಷೆಯೊಂದೇ ಇರುವ ಯಂತ್ರಕ್ಕೆ 49,980 ಯೆನ್. ಹಲವು ಭಾಷೆಗಳಿರುವ ಯಂತ್ರಕ್ಕೆ 69,980. ಜಪಾನಿ ಬಾರದವರು 20,000 ಯೆನ್ ಹೆಚ್ಚು ತೆರಬೇಕಿತ್ತು. ಸ್ಥಳೀಯ ಭಾಷೆ ಕಲಿತರೆ ಲಾಭವೆಂದು ನಮ್ಮ ಕನ್ನಡಪರರು ದಶಕಗಳಿಂದ ಭಾಷಣದಲ್ಲಿ ಹೇಳುತ್ತ ಬಂದದ್ದನ್ನು ಅಲ್ಲಿಯವರು ಬಿಲ್ಲಿನಲ್ಲಿ ಹೇಳಿದರು. ಬೆಂಗಳೂರಿನ ಆಟೋ ಮೀಟರಿಗೆ ಈ ತತ್ತ್ವವನ್ನು ಅಳವಡಿಸುವ ಕುರಿತು ಪ್ರತ್ಯೇಕ ಗ್ರಂಥ ಬೇಕಾದೀತು.

ಸಿದ್ಧಾಂತ

ಈಗ ಲೆಕ್ಕ ಮುಗಿಸೋಣ. ಯಂತ್ರ, ಮೂರು ನಾಲ್ಕು ಆಟ, ಚೀಲ, ಪರದೆಗೆ ಗಾಜು ಎಲ್ಲ ಸೇರಿ 50,000 ರೂಪಾಯಿ ಎನ್ನೋಣ. ವಾರಕ್ಕೆ ಮೂರು ಗಂಟೆಯಂತೆ ಮೂರು ವರ್ಷ ಆಡಿದರೆ 468 ಗಂಟೆ; ಗಂಟೆಗೆ ಸುಮಾರು 107 ರೂಪಾಯಿ. ಮಲ್ಟಿಪ್ಲೆಕ್ಸಿನಲ್ಲಿ ಕೂತರೂ ಇಷ್ಟಾಗುತ್ತದೆ, ಪಾಪ್‌ಕಾರ್ನ್ ಬೇರೆ. ಹಾಗಾದರೆ ಬೆಲೆ ಸಲ್ಲುತ್ತದೆ ಎಂದು ದೇವದತ್ತ ಕುಣಿಯಬಾರದು. ಅವನು ಮೂರು ವರ್ಷದಲ್ಲಿ ಅಪ್‌ಡೇಟ್ ಹೊತ್ತು ಕಳೆದು ಇಪ್ಪತ್ತು ಗಂಟೆ ಆಡಿದರೆ ಗಂಟೆಗೆ 2,500 ಬೀಳುತ್ತದೆ. ಯಂತ್ರ ಅದೇ, ಕೊಟ್ಟ ದುಡ್ಡು ಅದೇ. ಆದ್ದರಿಂದ ಈ ಬೆಲೆ ಸಲ್ಲುತ್ತದೋ ಎಂದು ಅಂಗಡಿಯಲ್ಲಿ ಕೇಳುವವನು ಕೇಳಬಾರದ ಜಾಗದಲ್ಲಿ ಕೇಳುತ್ತಿದ್ದಾನೆ. ಉತ್ತರ ಅವನ ಮನೆಯ ಕ್ಯಾಲೆಂಡರಿನಲ್ಲಿದೆ.

ಇಲ್ಲೊಬ್ಬ ಆಕ್ಷೇಪಿಸುತ್ತಾನೆ: ಆಡದಿದ್ದರೇನು, ಇಟ್ಟುಕೊಂಡರೆ ಮುಂದೆ ಬೆಲೆ ಬರುತ್ತದೆ, ಹೂಡಿಕೆ ಎಂದುಕೊಳ್ಳಬಾರದೇ? ನಿದರ್ಶನ ಇದೆ. ರಷ್ಯದ ಗಗನಯಾತ್ರಿ ಅಲೆಕ್ಸಾಂಡರ್ ಸೆರೆಬ್ರೋವ್ 1993ರಲ್ಲಿ ತಮ್ಮ ಗೇಮ್ ಬಾಯ್ ಮತ್ತು ಟೆಟ್ರಿಸನ್ನು ಮಿರ್ ನಿಲ್ದಾಣಕ್ಕೆ ಒಯ್ದಿದ್ದರು. 2011ರ ಹರಾಜಿನಲ್ಲಿ ಅದಕ್ಕೆ 1,220 ಡಾಲರ್ ಬಂತು. ಭೂಮಿಯನ್ನು ಸಾವಿರಾರು ಸುತ್ತು ಹಾಕಿದ ಯಂತ್ರಕ್ಕೆ ಸಿಕ್ಕ ಬೆಲೆ ಅದು. ಜಯನಗರ ನಾಲ್ಕನೇ ಬ್ಲಾಕ್ ಸುತ್ತಿದ್ದಕ್ಕೆ ಎಷ್ಟು ಬಂದೀತೆಂದು ಆಕ್ಷೇಪಕನೇ ಊಹಿಸಲಿ.

ನಿರ್ಣಯ ಹೀಗೆ. ದಿನವೂ ಮೆಟ್ರೋದಲ್ಲೋ ಬಸ್ಸಿನಲ್ಲೋ ಕೂತು ಒಂದು ಗಂಟೆ ಪ್ರಯಾಣಿಸುವವರಿಗೆ, ಕಳೆದ ವರ್ಷ ಕೊಂಡ ಆಟಗಳಲ್ಲಿ ಒಂದನ್ನಾದರೂ ಕೊನೆಯವರೆಗೆ ಆಡಿದವರಿಗೆ, ಮಕ್ಕಳೊಂದಿಗೆ ಹಂಚಿಕೊಂಡು ಆಡುವಷ್ಟು ಉದಾರಿಗಳಿಗೆ ಬೆಲೆ ಸಲ್ಲುತ್ತದೆ. ಅವರೂ ಹೊಸದರ ಹಿಂದೆ ಓಡದೆ, ಯೊಕೊಯ್ ತತ್ತ್ವದಂತೆ ಒಂದು ತಲೆಮಾರು ಹಳೆಯದನ್ನು ಸೆಕೆಂಡ್ ಹ್ಯಾಂಡಿನಲ್ಲಿ, ಬ್ಯಾಟರಿ ಪರೀಕ್ಷಿಸಿ ಕೊಳ್ಳತಕ್ಕದ್ದು. ಎರಡು ಆಟ ಸಾಕು. ಮೂರನೆಯದು ಮೊದಲೆರಡು ಮುಗಿದ ಮೇಲೆ. ಸಂಶಯವಿದ್ದವರು ಗೆಳೆಯನ ಯಂತ್ರವನ್ನು ಒಂದು ತಿಂಗಳು ಕಡ ತಂದು ನೋಡತಕ್ಕದ್ದು. ಗೆಳೆಯ ಸಾಮಾನ್ಯವಾಗಿ ತಕ್ಷಣ ಕೊಡುತ್ತಾನೆ, ಅವನೂ ಆಡುತ್ತಿರುವುದಿಲ್ಲ. ದೇವದತ್ತನಿಗೆ ಸಲ್ಲದು. ಅವನು ಆ ನಲವತ್ತು ಸಾವಿರವನ್ನು ಬ್ಯಾಂಕಿನಲ್ಲೇ ಇಟ್ಟು, ನಾಲ್ಕು ದಿನ ರಜೆ ಹಾಕಲಿ.